ಗಾಳಿಕಲ್ಲು ಮತ್ತು ನಿಮ್ಮ ಬೆರಳು

ಮೇ ೯, ಗುರುವಾರ

ಮನೆ ಬಿಟ್ಟು ಹೋದವರಿಗೆ, ಮನೆಯಲ್ಲೇ ಉಳಿದವಳು ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ನಿಮ್ಮ ಮೀನುಗಳೆರಡೂ ಕ್ಷೇಮ. ನಿಮ್ಮ ಕ್ಷೇಮವನ್ನು ಮಾತ್ರ ಕೇಳುವುದಿಲ್ಲ. ಕೇಳಿದ್ದಕ್ಕೇ ಅಲ್ಲವೇ ನೀವು ಬಟ್ಟೆ ಚೀಲ ಎತ್ತಿಕೊಂಡು ತಮ್ಮನ ಅಂಗಡಿಯ ಮೇಲಿನ ಮೂರನೇ ಮಹಡಿಯ ಕೋಣೆಗೆ ಹೊರಟುಹೋದದ್ದು.

ನಿನ್ನೆ ಸಂಜೆ ನಿಮ್ಮ ತಮ್ಮನ ಹೆಂಡತಿ ಫೋನು ಮಾಡಿ ಹೊಸ ಅಪ್ಪಣೆಯನ್ನು ಒಪ್ಪಿಸಿದಳು. "ಅಕ್ಕಾ, ಭಾನುವಾರ ಭಾವ ವ್ಯಾನ್ ಕಳಿಸ್ತಾರಂತೆ, ಮೀನಿನ ತೊಟ್ಟಿ ರೆಡಿ ಇಟ್ಟಿರಬೇಕಂತೆ. ನಿಮಗೆ ಗುಳ್ಳೆ ವಿಚಾರದ ಗಂಧಗಾಳಿ ಗೊತ್ತಿಲ್ಲವಂತೆ. ಇದು ನಾನು ಹೇಳ್ತಿರೋದಲ್ಲ, ಮತ್ತೆ." ಪಾಪ, ಅವಳೇನು ಮಾಡಿಯಾಳು. ಒಂದೇ ಊರಿನಲ್ಲಿದ್ದುಕೊಂಡು ಗಂಡ ಹೆಂಡತಿ ಅವಳ ಬಾಯಿಂದ ಜಗಳವಾಡುತ್ತಿದ್ದೇವೆ.

ತೊಟ್ಟಿ ಕೊಡುವುದಿಲ್ಲ. ಯಾಕೆ ಎಂದು ಬರೆದೇ ತಿಳಿಸುತ್ತೇನೆ, ಏಕೆಂದರೆ ಪತ್ರದ ಮಧ್ಯದಲ್ಲಿ ನೀವು "ಆಯ್ತು, ಫೋನು ಇಡು" ಎನ್ನಲು ಬರುವುದಿಲ್ಲ. ಗ್ರಂಥಾಲಯದ ಕೆಲಸದಿಂದ ನಿವೃತ್ತಳಾದ ಮೇಲೆ ರಸ್ತೆ ಗುಂಡಿಗೆ, ಬೀದಿದೀಪಕ್ಕೆ, ಬಸ್ಸಿನ ವೇಳೆಗೆ ಯಾರು ಯಾರಿಗೋ ಬರೆದಿದ್ದೇನೆ. ನಿಮಗೊಂದು ಬರೆಯುವುದು ಯಾವ ಮಹಾ.

ನೀವಿದ್ದಾಗ ತೊಟ್ಟಿಯಲ್ಲಿ ಒರಟು ಗಾಳಿಕಲ್ಲು ಇತ್ತು. ಪಂಪಿನ ಗಾಳಿ ಅದರ ತೂತುಗಳಿಂದ ಕಡಲೆಕಾಳಿನಷ್ಟು ಗುಳ್ಳೆಗಳಾಗಿ ಬುಳುಬುಳು ಎಂದು ಮೇಲೆದ್ದು ಒಡೆಯುತ್ತಿತ್ತು. ಹೋದ ಮೇಲೆ ನಿಮಗೆ ಜ್ಞಾನೋದಯವಾಯಿತು. ತಮ್ಮನ ಕೈಲಿ ನುಣುಪಾದ ಹೊಸ ಕಲ್ಲು ಕಳಿಸಿದಿರಿ. ಗುಳ್ಳೆ ಮಂಜಿನ ಹಾಗೆ ಬರಬೇಕು, ನೀರು ಅಂಚಿನ ತನಕ ತುಂಬಿರಬೇಕು, ಗಾಜಿನ ಮುಚ್ಚಳ ಬಿಗಿಯಾಗಿರಬೇಕು, ಒಂದು ಕಣ ಧೂಳು ಬೀಳಬಾರದು. ಇದು ಮೀನು ಸಾಕುವವರ ಮಾತೇ? ಕಾರಿಗೆ ಬಣ್ಣ ಹೊಡೆಯುವವರ ಮಾತು. ಆಯುಷ್ಯವೆಲ್ಲ ಸ್ಪ್ರೇ ಗನ್ ಹಿಡಿದವರು ನೀವು. ಹನಿ ಸಣ್ಣದಾದಷ್ಟೂ ಬಣ್ಣ ಚೆನ್ನಾಗಿ ಕೂರುತ್ತದೆ, ಧೂಳು ಬಿದ್ದರೆ ಕೆಲಸ ಕೆಟ್ಟಿತು ಎನ್ನುವ ಷೆಡ್ಡಿನ ವೇದವಾಕ್ಯಗಳನ್ನು ತಂದು ತೊಟ್ಟಿಗೆ ಹಚ್ಚಿದಿರಿ. ನೀವು ದೊಡ್ಡಮ್ಮ ಎಂದು ಕರೆಯುವ ದೊಡ್ಡ ಮೀನು ಕಿತ್ತಳೆ ಬಣ್ಣದ್ದು ಹೌದು, ಆದರೆ ಅವಳು ಕಾರಿನ ಬಾನೆಟ್ಟಲ್ಲ.

ಆದರೂ ಹೇಳಿದ ಹಾಗೇ ಮಾಡಿದೆ. ನಲ್ಲಿಗೆ ಪೈಪು ಹಾಕಿ ತೊಟ್ಟಿ ತುಂಬಿಸಿದೆ. ಬೆಳಿಗ್ಗೆ ನೋಡಿದರೆ ಗಾಜಿನ ಒಳಮೈಗೆಲ್ಲ ಗುಂಡುಸೂಜಿ ತಲೆಯಂಥ ಗುಳ್ಳೆಗಳು ಅಂಟಿಕೊಂಡಿವೆ, ದೊಡ್ಡಮ್ಮನ ಬೆನ್ನ ಮೇಲೂ. ಫೋಟೋ ಕಳಿಸಿದೆ. "ಮುತ್ತು ಪೋಣಿಸಿದ ಹಾಗಿದೆ, ಆಕ್ಸಿಜನ್ ಉಕ್ಕಿ ಹರೀತಿದೆ ಅಂತ ಹೇಳು ಅವಳಿಗೆ" ಎಂದಿರಂತೆ. ಉಕ್ಕಿ ಹರಿಯುತ್ತಿದ್ದ ಆಕ್ಸಿಜನ್ನಿನಲ್ಲಿ ದೊಡ್ಡಮ್ಮ ಮುಂದಿನ ದಿನಗಳಲ್ಲಿ ಮೂತಿಯನ್ನು ಮೇಲಕ್ಕೆ ತಂದು ಬಾಯಿ ಕಳೆಯತೊಡಗಿದಳು. ಚಿಕ್ಕ ಮೀನು, ನಿಮ್ಮ ಗುಮಾಸ್ತ, ಮೂಲೆಗೆ ಒರಗಿ ನಿಂತುಬಿಟ್ಟ. ತಿಳಿಸಿದೆ. "ಹಸಿವು" ಎಂದು ಉತ್ತರ ಬಂತು. ಹಾಕಿದ ಕಾಳು ಹಾಕಿದ ಹಾಗೇ ತೇಲುತ್ತಿತ್ತು.

ಆಮೇಲೆ ನಾನು ನನ್ನ ಹಳೆಯ ಗ್ರಂಥಾಲಯಕ್ಕೆ ಹೋದೆ. ಮೀನು ಸಾಕಣೆಯ ಪುಸ್ತಕ ಅಲ್ಲೇ ಇತ್ತು, ನಾನೇ ತರಿಸಿದ್ದು, ನನ್ನ ಕಾಲದಲ್ಲಿ ಒಬ್ಬರೂ ಮುಟ್ಟಿರಲಿಲ್ಲ. ಗಾಜಿಗೆ ಅಂಟಿದ ಆ ಮುತ್ತುಗಳು ಏನು ಗೊತ್ತೇ? ಪೈಪಿನ ಒತ್ತಡದಲ್ಲಿ ನೀರೊಳಗೆ ತುರುಕಿಕೊಂಡ ಗಾಳಿ, ಒತ್ತಡ ಬಿಟ್ಟ ಮೇಲೆ ಹೊರಗೆ ಬರುತ್ತಿರುತ್ತದೆ. ಅದು ಸಮೃದ್ಧಿಯ ಗುರುತಲ್ಲ, ಹೆಚ್ಚಾದರೆ ಮೀನಿನ ಮೈಗೇ ಕೇಡು. ನಲ್ಲಿ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ಬಿಟ್ಟು ಹಾಕಬೇಕಂತೆ. ಈ ವಿಷಯವಾಗಿ ನೀರು ಸರಬರಾಜು ಕಚೇರಿಗೂ ಬರೆದೆ. "ನೀರಿನಲ್ಲಿ ಗುಳ್ಳೆಗಳಿರುವುದು ದೂರಿನ ವ್ಯಾಪ್ತಿಗೆ ಬರುವುದಿಲ್ಲ" ಎಂದು ಮುದ್ರೆ ಒತ್ತಿ ಕಳಿಸಿದ್ದಾರೆ. ಅವರ ಪಾಡು ಆಮೇಲೆ ನೋಡಿಕೊಳ್ಳುತ್ತೇನೆ.

ಇನ್ನು ನಿಮ್ಮ ಮಂಜು. ಸಣ್ಣ ಗುಳ್ಳೆ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ, ಅನ್ಯಾಯದ ಮಾತು ನನಗೆ ಬರುವುದಿಲ್ಲ. ದೂಡುವ ಶಕ್ತಿಯಿರುವ ಪಂಪಿದ್ದರೆ ಅದು ಒಳ್ಳೆಯದೇ. ನಿಮ್ಮದು ಸೋಪಿನ ಡಬ್ಬಿಯಷ್ಟು ಪಂಪು. ನುಣುಪು ಕಲ್ಲಿನ ತೂತುಗಳಿಗೆ ಪಾಚಿ ಕಟ್ಟಿ, ಅದು ಏದುತ್ತಾ ಏದುತ್ತಾ ಒಂದೆಳೆ ಹೊಗೆ ಬಿಡುತ್ತಿತ್ತು. ಮೇಲಿನ ನೀರು ಅಲುಗುತ್ತಲೇ ಇರಲಿಲ್ಲ. ನೀರು ಉಸಿರಾಡುವುದು ಹೆಚ್ಚಾಗಿ ಮೇಲ್ಮೈಯಲ್ಲಿ, ಕಲಕಿ, ಮಗುಚಿ, ಹೊರಗಿನ ಗಾಳಿಯನ್ನು ಮುಟ್ಟುವ ಕಡೆ. ಆ ಮೇಲ್ಮೈಗೇ ನೀವು ಮುಚ್ಚಳ ಜಡಿಸಿದಿರಿ. ಸಾಲದ್ದಕ್ಕೆ ಈ ಬಿಸಿಲು. ನೀರು ಬೆಚ್ಚಗಾದಷ್ಟೂ ಅದರಲ್ಲಿ ಆಕ್ಸಿಜನ್ ನಿಲ್ಲುವುದು ಕಡಿಮೆ.

ನಾನು ಮುಚ್ಚಳ ತೆಗೆದೆ, ನಾಲ್ಕು ಬೆರಳಷ್ಟು ನೀರು ಇಳಿಸಿದೆ, ಒರಟು ಕಲ್ಲನ್ನೇ ಮತ್ತೆ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ದೊಡ್ಡಮ್ಮ ಕೆಳಗಿಳಿದು ತಳದ ಹರಳುಕಲ್ಲು ಕುಕ್ಕುತ್ತಿದ್ದಳು. ಈ ಸಮಾಚಾರ ತಲುಪಿಸಿದ್ದಕ್ಕೆ ನಿಮ್ಮಿಂದ ಬಂದ ಬಹುಮಾನ ಈ ವ್ಯಾನು. ಸೋತವರು ಆಟದ ಹಲಗೆಯನ್ನೇ ಎತ್ತಿಕೊಂಡು ಹೋಗುತ್ತಾರಲ್ಲ, ಹಾಗೆ.

ಅದು ಇರಲಿ. ಮೀನು ನೆಪ ಎನ್ನುವುದು ನಿಮಗೂ ಗೊತ್ತು.

ಅಲ್ಲಿ ಕೂತು ನೀವು ಇಲ್ಲಿಯ ಮೀನಿನ ಕಿವಿರು ಎಷ್ಟು ಬೇಗ ಬಡಿಯುತ್ತಿದೆ ಎಂದು ತಮ್ಮನ ಹೆಂಡತಿಯಿಂದ ಕೇಳಿಸುತ್ತೀರಿ. ಆಕ್ಸಿಜನ್ ಅಳೆಯುವ ಹನಿ ಔಷಧಿಯ ಸೀಸೆ ಕಳಿಸಿ, ನೀರಿನ ಬಣ್ಣ ಯಾವುದಕ್ಕೆ ತಿರುಗಿತು ಎಂದು ದಿನಾ ವರದಿ ತರಿಸಿಕೊಳ್ಳುತ್ತೀರಿ. ಡಾಕ್ಟರಮ್ಮನ ಹತ್ತಿರ ಏನು ಮಾಡಿದಿರಿ? ಮಂಡಿನೋವಿಗೆಂದು ಹೋದವರು ನಾವು. ಮೆಟ್ಟಿಲು ಹತ್ತಿದರೆ ಇವರಿಗೆ ಮಾತೇ ಹೊರಡುವುದಿಲ್ಲ ಎಂದು ನಾನು ಹೇಳಿದ್ದು ನಿಜ. ಆಕೆ ನಿಮ್ಮ ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಆ ಪುಟ್ಟ ಕ್ಲಿಪ್ಪು ಸಿಕ್ಕಿಸಲು ಬಂದರೆ, ಬೆಂಕಿ ತಗುಲಿದ ಹಾಗೆ ಕೈ ಎಳೆದುಕೊಂಡು "ನೋವಿರೋದು ಮಂಡೀಲಿ, ಬೆರಳು ಚೆನ್ನಾಗಿದೆ" ಎಂದಿರಿ. ಎದೆಯ ಪರೀಕ್ಷೆಗೆ ಆಕೆ ಬರೆದುಕೊಟ್ಟ ಚೀಟಿಯನ್ನು ಮಡಚಿ ಊಟದ ಮೇಜಿನ ಕಾಲಿಗೆ ಒತ್ತು ಕೊಟ್ಟಿರಿ. ಮೇಜು ಈಗ ಅಲುಗುವುದಿಲ್ಲ, ಒಪ್ಪುತ್ತೇನೆ. ಮರುದಿನ "ಈ ಮನೇಲಿ ನನ್ನ ಉಸಿರಿಗೂ ಲೆಕ್ಕ ಇಡ್ತೀಯ" ಎಂದು ಹೊರಟಿರಿ. ಹೊರಟದ್ದಾದರೂ ಎಲ್ಲಿಗೆ? ಲಿಫ್ಟಿಲ್ಲದ ಮೂರನೇ ಮಹಡಿಗೆ. ಹಟ ಮಾಡಲಿಕ್ಕೂ ಒಂದು ವಿವೇಕ ಬೇಡವೇ?

ಅಲ್ಲಿ ನಡೆಯುವುದು ನನಗೆ ತಿಳಿಯುವುದಿಲ್ಲ ಎಂದುಕೊಳ್ಳಬೇಡಿ. ಹೇಳಿದವಳನ್ನು ಬೈಯಲೂ ಬೇಡಿ. "ಭಾವ ಪ್ರತಿ ತಿರುವಿನಲ್ಲೂ ಕೂತ್ಕೋತಾರೆ ಅಕ್ಕಾ. ಏನಾಯ್ತು ಅಂದ್ರೆ ಚಪ್ಪಲಿ ಸರಿ ಮಾಡ್ಕೋತಿದೀನಿ ಅಂತಾರೆ." ಆ ಚಪ್ಪಲಿ ಕೊಂಡವಳು ನಾನು. ಕಾಲು ತೂರಿಸಿಕೊಂಡು ನಡೆಯುವ ಚಪ್ಪಲಿ. ಅದರಲ್ಲಿ ಸರಿಮಾಡಲು ಏನಿದೆ?

ಷೆಡ್ಡಿನಲ್ಲಿ ನಿಮ್ಮ ಜೊತೆಗಿದ್ದ ಪುಟ್ಟಿ ಮೇಸ್ತ್ರಿಯನ್ನು ಮರೆತಿರೋ? ಕಾರಿನ ತಗ್ಗುಗಳಿಗೆ ಪುಟ್ಟಿ ಮೆತ್ತಿ, ಉಜ್ಜಿ, ಬಿಳಿ ಧೂಳಿನಲ್ಲಿ ರೆಪ್ಪೆಯೂ ಕಾಣದ ಹಾಗೆ ನಿಂತಿರುತ್ತಿದ್ದರು. ಮುಖಕ್ಕೆ ಕಟ್ಟಿಕೊಳ್ಳಿ ಎಂದು ನಾನು ಹೊಲಿದುಕೊಟ್ಟ ಬಟ್ಟೆಯಲ್ಲಿ ನೀವಿಬ್ಬರೂ ಗನ್ನಿನ ಮೂತಿ ಒರೆಸಿದಿರಿ. ಕೊನೆಕೊನೆಗೆ ಅವರು ನಮ್ಮ ಮನೆಗೆ ಬಂದರೆ ಬಾಗಿಲ ಚೌಕಟ್ಟು ಹಿಡಿದು ನಿಂತು "ವಯಸ್ಸಾಯ್ತಲ್ಲ ತಂಗಿ" ಎಂದು ನಗುತ್ತಿದ್ದರು. ಆಗ ಅವರಿಗೆ ಈಗಿನ ನಿಮಗಿಂತ ಕಡಿಮೆ ವಯಸ್ಸು. ಅವರ ಹೆಂಡತಿ ಒಂದು ದಿನವೂ ಎದುರು ಮಾತಾಡಲಿಲ್ಲ. ಎಂಥ ತಾಳ್ಮೆಯ ಹೆಂಗಸು ಎಂದು ಹೆಣದ ಮುಂದೆ ಎಲ್ಲರೂ ಹೊಗಳಿದರು. ಆ ಹೊಗಳಿಕೆ ನನಗೆ ಬೇಡ. ಗಯ್ಯಾಳಿ ಎನ್ನಿಸಿಕೊಂಡೇ ಇರುತ್ತೇನೆ.

ನನಗೆ ಹೆದರಿಕೆಯಿಲ್ಲ. ಸಿಟ್ಟಿದೆ. ಮನೆ ಬಹಳ ಆರಾಮಾಗಿದೆ, ಟೀವಿಯ ಮುಂದೆ ಯಾರೂ ಕೆಮ್ಮುವುದಿಲ್ಲ, ವಾರ್ತೆ ಪೂರ್ತಿ ಕೇಳಿಸುತ್ತದೆ.

ಆದ್ದರಿಂದ ನನ್ನ ಷರತ್ತು ಇಷ್ಟೇ. ಎದೆಯ ಪರೀಕ್ಷೆ ಮಾಡಿಸಿ, ಅದರ ವರದಿಯೊಂದಿಗೆ ಬನ್ನಿ. ಆಮೇಲೆ ತೊಟ್ಟಿ, ಮೀನು, ಕಲ್ಲು, ಪಂಪು ಏನು ಬೇಕಾದರೂ ಹೊತ್ತುಕೊಂಡು ಹೋಗಿ. ಅಲ್ಲಿಯ ತನಕ ವ್ಯಾನು ಬಂದರೆ ವಾಪಸ್ಸು ಕಳಿಸುತ್ತೇನೆ. ಚಾಲಕನಿಗೆ ಕಾಫಿ ಕೊಟ್ಟೇ ಕಳಿಸುತ್ತೇನೆ, ಅವನದೇನೂ ತಪ್ಪಿಲ್ಲ.

ಇಂತಿ,
ನಿಮ್ಮ ಪ್ರಕಾರ ಏನೂ ತಿಳಿಯದ,
ನಿಮ್ಮವಳು

ತಾ.ಕ.: ಮೇಲಿನದನ್ನು ಮನೆಯಲ್ಲಿ ಕೂತು ಬರೆದೆ. ಅಂಚೆ ಪೆಟ್ಟಿಗೆಯ ತನಕ ಹೋಗಿ, ಒಳಗೆ ಹಾಕಲಾರದೆ, ಬಾಡಿಗೆ ಕಾರು ಹತ್ತಿದೆ. ದಾರಿಯಲ್ಲಿ ಆಸ್ಪತ್ರೆಯಲ್ಲಿಳಿದು ಇವತ್ತು ಸಂಜೆಯ ಎದೆ ಪರೀಕ್ಷೆಗೆ ನಿಮ್ಮ ಹೆಸರು ಬರೆಸಿದ್ದೇನೆ. ಈ ಸಾಲುಗಳನ್ನು ನಿಮ್ಮ ತಮ್ಮನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಪತ್ರವನ್ನು ಅವನ ಹೆಂಡತಿಯ ಕೈಲಿ ಮೇಲೆ ಕಳಿಸುತ್ತೇನೆ, ನಿಮ್ಮ ಚೀಲವನ್ನು ಅವಳೇ ಕಟ್ಟುತ್ತಾಳೆ. ನಾನು ಮೇಲೆ ಬರುವುದಿಲ್ಲ. ಬಂದರೆ ನೀವು ವಾದಕ್ಕೆ ನಿಲ್ಲುತ್ತೀರಿ, ವಾದಕ್ಕೆ ಬೇಕಾದಷ್ಟು ಉಸಿರು ಈಗ ನಿಮ್ಮಲ್ಲಿಲ್ಲ. ಇಳಿಯುವುದಕ್ಕೆ ಇದೆ. ನಿಧಾನವಾಗಿ ಬನ್ನಿ, ಕಾರು ಕಾಯುತ್ತದೆ.