ಇಸ್ತ್ರಿ ಹಾಕಿದ ಅಂಗಿ

ಫೆಬ್ರವರಿ 12, ಗುರುವಾರ. ರಾತ್ರಿ ಹತ್ತೂವರೆ.

ಇವರು ಮಲಗಿದರು. ನನಗೆ ಸಿಟ್ಟು ಇಳಿಯುತ್ತಿಲ್ಲ.

ತಲೆಗೆ ಪೆಟ್ಟಾದ ಇವರಂಥವರ ಮನೆಗೆ ವಾರವಾರವೂ ನೆರವಿಗೆ ಜನರನ್ನು ಕಳಿಸುವ ಸಂಸ್ಥೆಯಿಂದ ಇವತ್ತು ಅದಿತಿ ಬಂದಿದ್ದಳು, ಇಲ್ಲೇ ದೆಹಲಿಯಲ್ಲಿ ಬೆಳೆದ ಕನ್ನಡದ ಹುಡುಗಿ. ಇವರಿಗೆ ಇನ್ನೂ ನೆರವು ಬೇಕೇ ಎಂದು ನೋಡಬೇಕಿತ್ತಂತೆ. ಮನೆಗೆ ಯಾರೋ ಬರುತ್ತಾರಲ್ಲ ಎಂದು ನಾನೇ ಸ್ನಾನ ಮಾಡಿಸಿ, ಗಡ್ಡ ತೆಗೆದು, ಆಫೀಸಿನ ಅಂಗಿಗೆ ಇಸ್ತ್ರಿ ಹಾಕಿ ತೊಡಿಸಿ ಕೂರಿಸಿದ್ದೆ.

"ಬನ್ನಿ, ಕೂತ್ಕೊಳ್ಳಿ, ಕಾಫಿ ತಗೊಳ್ಳಿ" ಎಂದರು ಇವರು, ಹಳೆಯ ಗತ್ತಿನಲ್ಲೇ.

"ಆಂಟಿ, ಅಂಕಲ್ ತೋ ಬಿಲ್ಕುಲ್ ಠೀಕ್ ಇದ್ದಾರೆ! ಇನ್ನು ನಮ್ಮವರು ಬರೋದು ಬೇಡ ಅಲ್ವಾ?"

ಒಲೆ ಹಚ್ಚಿ ಮರೆಯುತ್ತಾರೆ, ಸರೋಜಿನಿ ಮಾರ್ಕೆಟ್ಟಿನಿಂದ ಮನೆಯ ದಾರಿ ಗೊತ್ತಾಗುವುದಿಲ್ಲ ಎಂದೆ.

"ಇಷ್ಟು ಚೆನ್ನಾಗಿ ಮಾತಾಡ್ತಾರಲ್ಲ ಆಂಟಿ!" ಉಪ್ಪಿಟ್ಟು ತಿಂದು ಹೊರಟೇಹೋದಳು.

ಬಾಗಿಲು ಹಾಕಿ ಬಂದರೆ ಇವರು ನನ್ನನ್ನು ಕೇಳಿದರು: "ಮೇಡಂ, ನೀವು ನಮ್ಮ ಆಫೀಸಲ್ಲಿ ಯಾವ ಸೆಕ್ಷನ್?"

ಗಂಡ ಉಳಿದನಲ್ಲ, ನಿನ್ನ ಪುಣ್ಯ ಎನ್ನುತ್ತಾರೆ ಎಲ್ಲರೂ. ಆದರೆ ಹೀಗೆ ಉಳಿದು ಬಂದಿರುವವರು ಯಾರು? ನನ್ನ ಗಂಡನಿಗಾಗಿ ಅಳುವುದಕ್ಕೂ ಬಿಡುವುದಿಲ್ಲ ಈ ಜನ.

ಆ ಅಂಗಿಯನ್ನು ಈಗಷ್ಟೇ ಬಕೆಟ್ಟಿನಲ್ಲಿ ನೆನೆಸಿಟ್ಟೆ. ನಾಳೆ ಬೆಳಿಗ್ಗೆ ಅದಿತಿಯ ಮೇಲಧಿಕಾರಿ ಬಂದು ಇವರನ್ನು ನೋಡಿ, ನೆರವು ಬೇಕೋ ಬೇಡವೋ ಎಂದು ತೀರ್ಮಾನ ಮಾಡುತ್ತಾರೆ. ಅಷ್ಟರಲ್ಲಿ ಅದು ಒಣಗುವುದಿಲ್ಲ.