ನನ್ನ ಗುರುತು, ನಿಮ್ಮ ವೆಲ್ಡಿಂಗ್

ಮಾವ,

ನಿಮ್ಮ ಹದಿಮೂರನೇ ದಿನ ಪಂಕ್ತಿಯಲ್ಲಿ ಕೂತು ಅಳುತ್ತಲೇ ವಡೆ ಪಾಯಸ ತಿಂದವನು ನಾನು. ಈಗ ಗೊತ್ತಿರುವುದು ಆಗಲೇ ಗೊತ್ತಿದ್ದರೆ ಎಲೆ ಮುಂದೆ ಕೂರುತ್ತಿದ್ದೆನೇ?

ನೀವು ಕಾರ್ಖಾನೆಯಿಂದ ನಿವೃತ್ತರಾಗಿ ಭದ್ರಾವತಿಯ ಹಳೇನಗರದಲ್ಲಿ ಶೆಡ್ ಹಾಕಿದ ದಿನ ನನ್ನ ಕೈಗೆ ಕಬ್ಬಿಣದ ಮೇಲೆ ಚುಕ್ಕಿ ಹೊಡೆಯುವ ಪಂಚ್ ಕೊಟ್ಟಿರಿ. ವೆಲ್ಡಿಂಗ್ ಮಾಡಿದವನು ಪಕ್ಕದಲ್ಲಿ ತನ್ನ ಗುರುತು ಹೊಡೆಯಬೇಕು. ನಿಮ್ಮದು ಒಂದು ಚುಕ್ಕಿ, ನನ್ನದು ಎರಡು. "ಮುರಿದ್ರೆ ಯಾರ ಮನೆ ಬಾಗ್ಲು ಬಡೀಬೇಕು ಅಂತ ಗೊತ್ತಿರ್ಬೇಕು ಕಣೋ" ಅಂದಿರಿ.

ಕುಂಸಿಯ ಹುಲ್ಲಿನ ವ್ಯಾಪಾರಿ ಬಸಪ್ಪನವರ ಪ್ರೆಸ್ ನೆನಪಿದೆಯಾ? ಸಡಿಲ ಹುಲ್ಲನ್ನು ಲಾರಿ ತುಂಬ ಹೇರಿದರೂ ತೂಕ ಬರುವುದಿಲ್ಲವೆಂದು ಅವರ ಗೋಳು. ಹುಲ್ಲನ್ನು ಪೆಟ್ಟಿಗೆಗೆ ತುಂಬಿ, ಹೈಡ್ರಾಲಿಕ್ ಜಾಕ್‌ನಿಂದ ಒತ್ತಿ ಬಿಗಿ ಪೆಂಡಿ ಮಾಡುವ ಯಂತ್ರ. ನೋಡಿ ಮಾಡಲು ಮಾದರಿಯೇ ಇರಲಿಲ್ಲ, ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡು ಕಟ್ಟಿದೆವು. ಕುಂಸಿಯಲ್ಲಿ ಜೋಡಿಸಿದಾಗ, ನಾನು ವೆಲ್ಡಿಂಗ್ ಮಾಡಿದ್ದ ಪ್ಲೇಟಿನ ಮೇಲೆ ಜಾಕ್ ಓರೆ ಕೂತಿತ್ತು. ನನ್ನನ್ನು ಆಯಿಲ್ ಸೀಲ್ ತರಲು ಶಿವಮೊಗ್ಗಕ್ಕೆ ಕಳಿಸಿದಿರಿ. ಬರುವಷ್ಟರಲ್ಲಿ ಅದು ನೆಟ್ಟಗಾಗಿತ್ತು. ಬೋಲ್ಟ್ ಸಡಿಲಿಸಿ ಸರಿಸಿದೆ ಅಂದಿರಿ, ನಂಬಿದೆ.

ಮೂರನೇ ದಿನ ಜಾಕ್ ಹಿಡಿದಿದ್ದ ಪ್ಲೇಟು ಕಿತ್ತು ಬಂತು. ಹಮಾಲರೆಲ್ಲ ನೋಡುತ್ತಿದ್ದರು. ನೀವು ಬಗ್ಗಿ ತುಂಡನ್ನೆತ್ತಿ ಎರಡು ಚುಕ್ಕಿ ತೋರಿಸಿದಿರಿ. "ಇದು ನನ್ನ ತಂಗಿ ಮಗನ ಕೆಲಸ ಬಸಪ್ಪನೋರೆ, ನಂದಲ್ಲ." ಅಷ್ಟು ಜನರ ಮುಂದೆ ನಾನು ನಿಮ್ಮ ಕಾಲು ಹಿಡಿದೆ. ನೀವು ಹಿಡಿಸಿಕೊಂಡಿರಿ.

ಆಮೇಲೆ ಯಾರೂ ನನ್ನ ಕೈಗೆ ಯಂತ್ರದ ಕೆಲಸ ಕೊಡಲಿಲ್ಲ. ಎಂಟು ವರ್ಷ ಶಿವಮೊಗ್ಗದಲ್ಲಿ ಬರೀ ಕಿಟಕಿ ಗ್ರಿಲ್ಲು, ಗೇಟು. ಭಾನುವಾರ ನೀವು ಮನೆಗೆ ಬಂದು ಉಂಡು, ಗ್ರಿಲ್ ಕೆಲಸವೂ ಕೆಲಸವೇ ಎಂದು ಸಮಾಧಾನ ಹೇಳಿ ಹೋಗುತ್ತಿದ್ದಿರಿ. ನನ್ನ ಮನೆ ಅನ್ನ ನಿಮ್ಮ ಗಂಟಲಲ್ಲಿ ಹೇಗೆ ಇಳಿಯುತ್ತಿತ್ತು ಮಾವ?

ಹೋದ ತಿಂಗಳು ಶೆಡ್ ಖಾಲಿ ಮಾಡುವಾಗ ಬೆಂಚಿನ ಕೆಳಗೆ, ಗೋಣಿಯಲ್ಲಿ ಸುತ್ತಿಟ್ಟಿದ್ದ ಆ ಪ್ಲೇಟು ಸಿಕ್ಕಿತು. ನಾನು ಎಡಚ, ವೆಲ್ಡಿಂಗ್ ರಾಡ್ ಎಳೆಯುವುದು ಬಲದಿಂದ ಎಡಕ್ಕೆ. ಅದಕ್ಕೆ ನೀವೇ ಎಷ್ಟು ಗೇಲಿ ಮಾಡಿದ್ದೀರಿ! ಆ ಪ್ಲೇಟಿನ ವೆಲ್ಡಿಂಗಿನ ಅಲೆಗಳು ಎಡದಿಂದ ಬಲಕ್ಕೆ ಓಡಿದ್ದವು. ನನ್ನದನ್ನು ಕತ್ತರಿಸಿ, ನೀವೇ ಹೊಸದಾಗಿ ವೆಲ್ಡಿಂಗ್ ಮಾಡಿ, ಪಕ್ಕದಲ್ಲಿ ನನ್ನ ಗುರುತು ಹೊಡೆದಿದ್ದಿರಿ. ಮುರಿದ ಗಳಿಗೆಯಲ್ಲೇ ಚುಕ್ಕಿ ತೋರಿಸಿದಿರಲ್ಲ, ಅಂದರೆ ಮುರಿಯುವ ಮೊದಲೇ ಹೊಡೆದಿದ್ದಿರಿ. ನಿಲ್ಲುವುದಿಲ್ಲವೆಂದು ಅನುಮಾನವಿದ್ದೂ...

ಅತ್ತೆಯನ್ನು ಕೇಳಿದೆ. "ಆಗ್ಲೇ ಅವರಿಗೆ ಕಣ್ಣು ಮಂಜಾಗಿತ್ತು ಕಣಪ್ಪ. ಗೊತ್ತಾದ್ರೆ ಯಾರೂ ಕೆಲಸ ಕೊಡಲ್ಲ ಅಂತ ಹೆದರಿದ್ರು. ನೀನು ಚಿಕ್ಕೋನು, ಹೇಗಾದ್ರೂ ಬದುಕ್ಕೋತೀಯ ಅಂದ್ರು." ಯಾರಿಗೂ ಹೇಳಬೇಡ ಎಂದು ಬೇಡಿಕೊಂಡರು.

ನನಗೆ ಒಂದು ಮಾತು ಹೇಳಬಾರದಿತ್ತೇ? ಎಲ್ಲ ವೆಲ್ಡಿಂಗೂ ನಾನೇ ಮಾಡಿ, ಪಕ್ಕದಲ್ಲಿ ನಿಮ್ಮ ಒಂದು ಚುಕ್ಕಿ ಹೊಡೆಯುತ್ತಿದ್ದೆ. ಸಾಯುವವರೆಗೂ ಬಾಯಿ ಬಿಡುತ್ತಿರಲಿಲ್ಲ.

ಈಗ ಬಾಯಿ ಬಿಟ್ಟಿದ್ದೇನೆ. ಅತ್ತೆಗೆ ಹೇಳಿಯೇ ನಿನ್ನೆ ಕುಂಸಿ ಬಸ್ಸು ಹತ್ತಿದೆ. ಪ್ಲೇಟನ್ನು ಬಸಪ್ಪನವರ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇನ್ನೂ ದೊಡ್ಡ ಪ್ರೆಸ್ ಬೇಕಿದೆ, ಕಟ್ಟಿಕೊಡ್ತೀಯಾ ಅಂದರು. ಅತ್ತೆ ಶೆಡ್ಡಿನ ಬೀಗದ ಕೈ ಕೊಟ್ಟಿದ್ದಾರೆ. ಸೋಮವಾರ ಕೆಲಸ ಶುರು. ಶೆಡ್ಡಿನ ಗೋಡೆಯ ಮೇಲಿದ್ದ ನಿಮ್ಮ ಫೋಟೋ ಇಳಿಸಿ ಅತ್ತೆಗೆ ಕೊಟ್ಟೆ. ಆಯುಧಪೂಜೆ ದಿನವಾದರೂ ತಂದು ಇಡ್ತೀಯಾ ಎಂದು ಕೇಳಿದರು. ಇಲ್ಲ ಅಂದೆ.

ನಿಮ್ಮ ತಂಗಿ ಮಗ