ಗಂಜಿ ಕೈ

ಫೆಬ್ರುವರಿ 3, ಸಂಜೆ 7

ಒಂದು ಮೊಳ ನೇಯ್ದೆ. ಅಷ್ಟೇ ಆಯಿತು. ಅಕ್ಕ ತೀರಿಹೋಗಿ ಇವತ್ತಿಗೆ ನಲವತ್ತೊಂದು ದಿನ. ಅವಳ ಮಗ್ಗಕ್ಕೆ ಬಟ್ಟೆ ಹೊದಿಸಿದ್ದೇನೆ. ನೂಲಿಗೆ ಗಂಜಿ ಹಚ್ಚುವುದು ಅವಳ ಕೆಲಸವಾಗಿತ್ತು. ಈಗ ಗಂಜಿ ಹಾಕಿದ್ದನ್ನೇ ಅಣ್ಣ ಕೊಂಡು ತರುತ್ತಾನೆ. ಬಹಳ ಹರಿಯುತ್ತದೆ.

ಬೆಕ್ಕುಗಳು ಅವಳ ಮಗ್ಗದ ಕೆಳಗೇ ಇರುತ್ತವೆ. ಹುಟ್ಟಿದಾಗಿನಿಂದ ಎರಡಕ್ಕೂ ತಲೆ ನಡುಗುತ್ತದೆ, ನಡೆದರೆ ಮೈ ತೂಗುತ್ತದೆ. ಓಣಿಯವರಿಗೆ ನಗು — ‘ನಿಮ್ಮ ಬೆಕ್ಕ ಮುಂಜಾನೇನ ಕುಡದ ಬರ್ತಾವೇನ್ರಿ?’ ಲಾಳಿ, ಕಂಡಿಕಿ ಎಂದು ಅಕ್ಕ ಹೆಸರಿಟ್ಟಳು. ಮಗ್ಗದ ಲಾಳಿಯ ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆ ಕೂತ ಹಾಗೆ ಒಂದರೊಳಗೊಂದು ಮಲಗುತ್ತವೆ. ನಡೆಯುವುದೂ ಭುಜಕ್ಕೆ ಭುಜ ಹಚ್ಚಿ. ಒಂದು ಸರಿದರೆ ಇನ್ನೊಂದು ಬೀಳುತ್ತದೆ. ಗಂಜಿ ಕೈಯನ್ನು ಅಕ್ಕ ಅವುಗಳ ಬೆನ್ನಿಗೇ ಒರೆಸುತ್ತಿದ್ದಳು. ಬೈಯುತ್ತಿದ್ದೆ. ಕೊನೆಗೆ ನನ್ನ ಹತ್ತಿರ ಅವಳು ಕೇಳಿದ್ದು ಒಂದೇ — ‘ಅವೆರಡನ್ನ ಅಗಲಸಬ್ಯಾಡ.’

ಇವತ್ತು ಕಂಡಿಕಿ ಮಗ್ಗದಲ್ಲಿ ಕಾಲು ಇಳಿಬಿಡುವ ಕುಣಿಗೆ ಬಿತ್ತು. ಗದ್ದ ಸೀಳಿದೆ. ನಾಳೆ ಅಣ್ಣನ ಬೈಕಿನಲ್ಲಿ ರೋಣದ ದನದ ದವಾಖಾನೆಗೆ.

ಫೆಬ್ರುವರಿ 4, ಸಂಜೆ 6

ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಡಾಕ್ಟರು ಎರಡು ಹೊಲಿಗೆ ಹಾಕಿ, ನೇರಳೆ ಔಷಧ ಹಚ್ಚಿದರು. ‘ತೂಗೋದು ಬ್ಯಾನಿ ಅಲ್ರಿ ಅಕ್ಕಾರ. ಮಿದುಳಿನಾಗ ತೋಲ ಹಿಡಿಯೋ ಭಾಗ ಬೆಳದಿಲ್ಲ. ಹಿಂಗ ಬದಕತಾವ.’

ಮನೆಗೆ ಬಂದು ಕಂಡಿಕಿಯನ್ನು ಚೀಲದಿಂದ ಲಾಳಿಯ ಪಕ್ಕ ಇಳಿಸಿದೆ. ಲಾಳಿ ಮೂಸಿತು. ಕಿವಿ ಹಿಂದೆ ಹೋದವು. ನಾನು ಎಂದೂ ಕೇಳದ ದನಿ... ಹಾರಿ ಕುತ್ತಿಗೆ ಹಿಡಿಯಿತು. ಕಂಡಿಕಿಗೆ ಓಡಲು ಬರುವುದಿಲ್ಲ. ಎದ್ದಷ್ಟೂ ಬಿತ್ತು. ಬಿದ್ದಲ್ಲೇ ಲಾಳಿ ಕಚ್ಚಿತು. ಹೊಲಿಗೆ ಕಿತ್ತು ಬಂತು. ಮಗ್ಗದ ಮೇಲೆ ಉರುಳಿದವು — ನೇಯ್ದದ್ದರ ಮೇಲೆಲ್ಲ ರಕ್ತ. ಕೈ ಹಾಕಿದೆ. ಲಾಳಿ ನನ್ನ ಹೆಬ್ಬೆರಳನ್ನು ಎಲುಬಿನ ತನಕ ಹಿಡಿಯಿತು. ಬಿಡಲಿಲ್ಲ.

ಅಣ್ಣ ಕಟ್ಟಿಗೆ ಹಿಡಿದು ಬಂದ. ‘ಹುಚ್ಚ ಹಿಡದೈತಿ ಇದಕ್ಕ. ನೀ ಆಕಡೆ ಸರಿ, ಹೊಡದ ಒಗೀತೀನಿ.’

ಲಾಳಿಯ ಮೇಲೆ ಬುಟ್ಟಿ ಕವುಚಿ ಅದರ ಮೇಲೆ ನಾನೇ ಕೂತೆ.

ಫೆಬ್ರುವರಿ 5

ಇಂಜೆಕ್ಷನ್. ನನ್ನ ಕಾರ್ಡಿನಲ್ಲಿ ದಿನ ಬರೆದುಕೊಟ್ಟರು — 5, 8, 12, ಆಮೇಲೆ ಮಾರ್ಚ್ 5. ನರ್ಸಬಾಯಿ ಅಂದಳು: ‘ಕಚ್ಚಿದ ಬೆಕ್ಕಿನ ಮ್ಯಾಲೆ ಹತ್ತ ದಿನ ಕಣ್ಣಿಡಬೇಕ್ರಿ. ಹೊಡದಗಿಡದೀರಿ, ಹುಷಾರ.’

ಅಣ್ಣ ಕಟ್ಟಿಗೆಯನ್ನು ಬಾಗಿಲ ಹಿಂದೆ ಇಟ್ಟ. ‘ಹತ್ತ ದಿನ, ಅಷ್ಟ.’

ಲಾಳಿ ಅಕ್ಕನ ಕೋಣೆಯಲ್ಲಿ. ಕಂಡಿಕಿ ಅಡಿಗೆಮನೆಯಲ್ಲಿ. ನಡುವೆ ಮುಚ್ಚಿದ ಬಾಗಿಲು.

ಫೆಬ್ರುವರಿ 8, ಮಧ್ಯಾಹ್ನ

ಎರಡನೆಯದು ಆಯಿತು. ಎದುರು ಮನೆಯ ಹುಸ್ನಾ ತನ್ನ ಫೋನಿನಿಂದ ಡಾಕ್ಟರನ್ನು ಕೇಳಿದಳು. ‘ಹುಚ್ಚ ಇದ್ದಂಗಿಲ್ಲಂತ, ಅನ್ನಪೂರ್ಣಕ್ಕ. ದವಾಖಾನಿ ವಾಸನಿಗೆ ಗುರತ ಸಿಕ್ಕಿಲ್ಲ. ಒಂದ ಅರಬಿಲೆ ಎರಡನ್ನೂ ಒರಸ್ರಿ, ವಾಸನಿ ಒಂದಾಗ್ಲಿ. ಆದ್ರ ಲಗೂನ ಕೂಡಸಬ್ಯಾಡ್ರಿ ಅಂದಾರ.’ ಆಮೇಲೆ, ‘ನಮ್ಮ ಮನ್ಯಾವ್ರು ಕುರಿ ಸಂತಿಯಿಂದ ಬಂದ್ರ ನನಗೂ ಗುರತ ಹತ್ತಂಗಿಲ್ಲ.’

ನಕ್ಕೆ. ಅಕ್ಕ ಹೋದಮೇಲೆ ಮೊದಲು.

ಅರಿವೆ ಯಾವುದು ಎಂದು ಯೋಚಿಸಬೇಕಾಗಲಿಲ್ಲ. ಟ್ರಂಕಿನಿಂದ ಅಕ್ಕನ ಸೀರೆ ತೆಗೆದೆ.

ಅದೇ ದಿನ, ಸಂಜೆ 7

ಕಾಯಲಿಲ್ಲ. ಸೀರೆಯಿಂದ ಎರಡನ್ನೂ ಒರೆಸಿ ಐದು ಗಂಟೆಗೇ ಬಾಗಿಲು ತೆರೆದೆ.

ಈ ಸಲ ಎರಡೂ ಏರಿ ಬಂದವು. ಕಂಡಿಕಿಯ ಕಿವಿ ಅರ್ಧ ಹೋಯಿತು. ಸೀರೆ ಎಸೆದು ಬಿಡಿಸಲು ನೋಡಿದೆ. ಆಗ ಮೂಗಿಗೆ ಬಡಿಯಿತು — ಡಾಂಬರು ಗುಳಿಗೆ. ಟ್ರಂಕಿನಲ್ಲಿ ನಾನೇ ಹಾಕಿದ್ದು. ಸೀರೆ ಕೆಡಬಾರದೆಂದು. ಅಕ್ಕನ ವಾಸನೆ ಅದರಲ್ಲಿ ಒಂದೆಳೆಯೂ ಇಲ್ಲ.

ಬಾಗಿಲ ಹಿಂದಿನ ಕಟ್ಟಿಗೆ ತೆಗೆದುಕೊಂಡೆ. ಲಾಳಿಗೆ ಹೊಡೆದೆ. ಎಷ್ಟು ಏಟು ಗೊತ್ತಿಲ್ಲ. ‘ನೀ ಯಾಕ ಉಳದಿ, ನೀ ಯಾಕ ಉಳದಿ’ ಅನ್ನುತ್ತಿದ್ದೆನಂತೆ. ಅಣ್ಣ ಹೇಳಿದ. ಅವನೇ ಕೈ ಹಿಡಿದದ್ದು.

‘ಸಾಕ ಅನ್ನೀ. ಕೊಡ ಇಲ್ಲಿ.’

ಫೆಬ್ರುವರಿ 12

ಮೂರನೆಯದು. ಲಾಳಿಯನ್ನೂ ರೋಣಕ್ಕೆ ಒಯ್ದಿದ್ದೆವು. ಅದರ ಎಡಗಣ್ಣು ಇನ್ನು ಕಾಣುವುದಿಲ್ಲ. ಹೇಗಾಯಿತು ಎಂದು ಡಾಕ್ಟರು ಕೇಳಿದರು. ‘ಬಿತ್ರಿ’ ಅಂದೆ. ಅಣ್ಣ ಕಿಟಕಿಯ ಹೊರಗೆ ನೋಡಿದ.

ಫೆಬ್ರುವರಿ 15

ಹತ್ತು ದಿನ ಮುಗಿದವು. ಲಾಳಿ ಹಾಲು ಕುಡಿಯಿತು. ಹುಚ್ಚಲ್ಲ. ಅಣ್ಣ ಕಟ್ಟಿಗೆ ಮುರಿದು ಒಲೆಗೆ ಹಾಕಿದ.

ಒಂಟಿ ಕಂಡಿಕಿ ನಾಲ್ಕು ಹೆಜ್ಜೆಗೊಮ್ಮೆ ಬೀಳುತ್ತದೆ. ಹುಸ್ನಾ ಅಂದಳು — ‘ನನಗರ ಕೊಡ್ರಿ. ಎದುರಿಗೇ ಇರ್ತೈತಿ.’ ಮಾರ್ಚ್ ಐದಕ್ಕೆ ಒಯ್ಯಿ ಅಂದೆ. ಅಕ್ಕನಿಗೆ ಕೊಟ್ಟ ಮಾತು ಅಷ್ಟು ದಿನವಾದರೂ ಇರಲಿ.

ಮಾರ್ಚ್ 4, ಸಂಜೆ 6

ಕೊಂಡ ನೂಲು ನಿನ್ನೆ ಮತ್ತೆ ಹರಿಯಿತು. ಅಕ್ಕನ ಕುಂಚ ತೆಗೆದೆ. ಬೆಳಕು ಹರಿಯುತ್ತಲೇ ಓಣಿಯಲ್ಲಿ ನೂಲು ಹಾಸಿ ನಾನೇ ಗಂಜಿ ಹಚ್ಚಿದೆ. ಒಂದು ತುದಿಗೆ ಅಣ್ಣ. ಮೊಳಕೈ ತನಕ ಗಂಜಿ.

ಅಡಿಗೆಮನೆಗೆ ಬಂದವಳು ಕಂಡಿಕಿಯ ಬೆನ್ನಿಗೆ ಕೈ ಒರೆಸಿಬಿಟ್ಟೆ. ಒರೆಸಿದ ಮೇಲೆ ಗೊತ್ತಾಯಿತು.

ಲಾಳಿಯ ಹತ್ತಿರ ಹೋದೆ. ನನ್ನ ಕೈ ಎದ್ದರೆ ಅದು ಗೋಡೆಗೆ ಅಂಟುತ್ತದೆ. ಕೈ ನೆಲದ ಮೇಲೆ ಇಟ್ಟು ಕೂತೆ. ಗಂಜಿ ಒಣಗತೊಡಗಿತು. ಬಹಳ ಹೊತ್ತಿಗೆ ಬಂತು. ಬೆರಳು ಮೂಸಿತು. ಉಳಿದದ್ದನ್ನು ಅದರ ಬೆನ್ನಿಗೆ ಒರೆಸಿದೆ.

ಬಾಗಿಲು ಅಣ್ಣ ತೆರೆದ. ಬುಟ್ಟಿ ಹಿಡಿದು ನಿಂತ. ಕಂಡಿಕಿ ತೂಗುತ್ತ ಬಂತು, ಬಿತ್ತು, ಎದ್ದಿತು. ಲಾಳಿಯ ಕುರುಡು ಕಣ್ಣಿನ ಕಡೆಯಿಂದ ಹೋಗಿ ಭುಜ ಹಚ್ಚಿತು. ಲಾಳಿ ಪಂಜ ಎತ್ತಿತು. ನನ್ನ ಹೆಬ್ಬೆರಳು ಮಿಡಿಯಿತು.

ಮೂಸಿತು. ಗುರುಗುಟ್ಟುತ್ತಲೇ ಕಂಡಿಕಿಯ ಬೆನ್ನಿನ ಗಂಜಿ ನೆಕ್ಕಿತು. ನೆಕ್ಕುವುದೂ ನಿಲ್ಲಲಿಲ್ಲ, ಗುರುಗುಟ್ಟುವುದೂ ನಿಲ್ಲಲಿಲ್ಲ. ಅಣ್ಣ ಬುಟ್ಟಿ ಕೆಳಗಿಡಲಿಲ್ಲ.

ಹುಸ್ನಾಗೆ ಕಂಡಿಕಿಯನ್ನು ಒಯ್ಯಲು ಬರಬೇಡ ಎಂದು ಹೇಳಿ ಬಂದೆ.

ನಾಳೆ ನಾಲ್ಕನೆಯ ಇಂಜೆಕ್ಷನ್. ಒಂಬತ್ತು ಗಂಟೆಗೆ.